ಥಾಯ್ ನೈಟ್ ಮಾರ್ಕೆಟ್‌ನಲ್ಲಿ ತಿನ್ನೋದು ಹೇಗೆ? ಹೊರಡುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ಪರಿಚಯದವರು ಯಾರಾದರೂ ಥಾಯ್ಲೆಂಡ್‌ಗೆ ಟಿಕೆಟ್ ತೆಗೆದರೆ ನನಗೊಂದು ಫೋನ್ ಬರುತ್ತದೆ. ಬೀಚ್ ಬಗ್ಗೆ, ದೇವಸ್ಥಾನಗಳ ಬಗ್ಗೆ ಕೇಳುವವರು ಕಡಿಮೆ. ಎಲ್ಲರಿಗೂ ಊಟದ್ದೇ ಚಿಂತೆ. ನಮ್ಮ ಮನೆಯಲ್ಲಿ ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ನಾನು ಕೋಳಿ, ಮೀನು ತಿನ್ನುತ್ತೇನೆ. ಇಬ್ಬರೂ ಒಟ್ಟಿಗೆ ಅಲ್ಲಿನ ಸಂಜೆ ಮಾರುಕಟ್ಟೆಗಳನ್ನು ಸುತ್ತಿದ್ದೇವೆ. ಹಾಗಾಗಿ ಎರಡೂ ಥರದವರಿಗೆ ಬೇಕಾದ ಉತ್ತರ ಇಲ್ಲಿದೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಲ್ಲೇ ಇಟ್ಟಿದ್ದೇನೆ.

## ಮೊದಲ ಸಲ ಹೋಗುವವರಿಗೆ

ನೈಟ್ ಮಾರ್ಕೆಟ್ ಅಂದ್ರೆ ಟೂರಿಸ್ಟ್‌ಗಳಿಗೆ ಅಂತ ಮಾಡಿದ್ದಾ? ಅಲ್ಲಿನ ಜನ ಹೋಗ್ತಾರಾ?

ಹೋಗುತ್ತಾರೆ, ಚೆನ್ನಾಗಿಯೇ ಹೋಗುತ್ತಾರೆ. ಬ್ಯಾಂಕಾಕ್‌ನ ಬಾಡಿಗೆ ರೂಮುಗಳಲ್ಲಿ ಎಷ್ಟೋ ಕಡೆ ಸರಿಯಾದ ಅಡುಗೆಮನೆಯೇ ಇರುವುದಿಲ್ಲ. ಕೆಲಸ ಮುಗಿಸಿ ಮನೆಗೆ ಹೋಗುವಾಗ ಪಲ್ಯ, ಸಾರು, ಅನ್ನ ಎಲ್ಲವನ್ನೂ ಚೀಲದಲ್ಲಿ ಕಟ್ಟಿಸಿಕೊಂಡು ಹೋಗುವುದು ಅಲ್ಲಿ ದಿನದ ಮಾತು.

ಮಾರುಕಟ್ಟೆಗೆ ಅವರು ‘ತಲಾತ್’ ಎನ್ನುತ್ತಾರೆ. ‘ತಲಾತ್ ನಾತ್’ ಎಂದರೆ ಗೊತ್ತಾದ ದಿನ ಸೇರುವ ಮಾರುಕಟ್ಟೆ, ನಮ್ಮ ವಾರದ ಸಂತೆ ಇದ್ದ ಹಾಗೆ. ‘ತಲಾತ್ ತೋ ರುಂಗ್’ ಎಂದರೆ ಬೆಳಗಿನ ಜಾವದವರೆಗೂ ನಡೆಯುವಂಥದ್ದು. ಇನ್ನು ‘ವಾಕಿಂಗ್ ಸ್ಟ್ರೀಟ್’ ಎನ್ನುವುದು ವಾರಕ್ಕೊಮ್ಮೆ ಇಡೀ ರಸ್ತೆಗೆ ವಾಹನ ನಿಲ್ಲಿಸಿ ಹಾಕುವ ಮಾರುಕಟ್ಟೆ. ಬಟ್ಟೆ, ದೀಪ, ಸೋಪು ಮಾರುವ ಸಾಲುಗಳು ನಮ್ಮಂಥವರಿಗೆ. ಊಟದ ಸಾಲು ಮಾತ್ರ ಎಲ್ಲರಿಗೂ.

ಬ್ಯಾಂಕಾಕ್‌ನಲ್ಲಿ ನೋಡಿದ್ರೆ ಸಾಕಾ? ಯಾವ ಊರಿಂದು ಚೆನ್ನಾಗಿರುತ್ತೆ?

ನನ್ನನ್ನು ಕೇಳಿದರೆ ಚಿಯಾಂಗ್ ಮಾಯ್. ಅಲ್ಲಿ ಭಾನುವಾರ ಸಂಜೆ ಥಾ ಫೇ ಗೇಟ್‌ನಿಂದ ಒಳಗೆ, ಹಳೇ ಊರಿನ ರಾಚದಮ್ನೋನ್ ರಸ್ತೆ ಉದ್ದಕ್ಕೂ ಮಾರುಕಟ್ಟೆ ಹಾಕುತ್ತಾರೆ. ದಾರಿಯಲ್ಲಿ ಸಿಗುವ ಬೌದ್ಧ ದೇವಸ್ಥಾನಗಳ ಅಂಗಳದಲ್ಲೇ ಊಟದ ಅಂಗಡಿಗಳು. ಬಂಗಾರದ ಬಣ್ಣದ ಸ್ತೂಪದ ಪಕ್ಕ ಪುಟ್ಟ ಸ್ಟೂಲಿನ ಮೇಲೆ ಕೂತು ನೂಡಲ್ಸ್ ತಿನ್ನುವುದು ಬೇರೆಲ್ಲೂ ಸಿಗದ ಅನುಭವ. ಶನಿವಾರವಾದರೆ ಬೆಳ್ಳಿ ಕೆಲಸದವರ ವುವಾ ಲಾಯ್ ರಸ್ತೆಗೆ ಹೋಗಿ. ಬರೀ ಊಟಕ್ಕಾದರೆ ಊರಿನ ಉತ್ತರ ಬಾಗಿಲು ಚಾಂಗ್ ಫುವಾಕ್ ಹತ್ತಿರ ಸಂಜೆ ಗಾಡಿಗಳು ನಿಲ್ಲುತ್ತವೆ.

ಫುಕೆಟ್‌ನಲ್ಲಿ ಭಾನುವಾರ ಹಳೇ ಪೇಟೆಯ ಥಲಾಂಗ್ ರಸ್ತೆ. ಕ್ರಾಬಿಯಲ್ಲಿ ವಾರಾಂತ್ಯದ ಮಾರುಕಟ್ಟೆ. ಎರಡೂ ಚೆಂದ.

ಬ್ಯಾಂಕಾಕ್‌ನ ದೊಡ್ಡ ನೈಟ್ ಮಾರ್ಕೆಟ್‌ಗಳ ಕಥೆ ಬೇರೆ. ಅವು ಬಾಡಿಗೆ ಜಾಗದಲ್ಲಿ ನಡೆಯುತ್ತವೆ, ಆಗಾಗ ಮುಚ್ಚುತ್ತವೆ, ಜಾಗ ಬದಲಾಯಿಸುತ್ತವೆ. ಬಣ್ಣಬಣ್ಣದ ಟೆಂಟ್‌ಗಳ ಫೋಟೋದಿಂದ ಹೆಸರಾದ ರಾಚದಾ ರೈಲು ಮಾರುಕಟ್ಟೆ 2021ರಲ್ಲಿ ಮುಚ್ಚಿತು. ಮರುವರ್ಷ ಅದೇ ಜಾಗದಲ್ಲಿ ಬೇರೆ ಹೆಸರಿನದು ಬಂತು. ಹಾಗಾಗಿ ಹಳೇ ವಿಡಿಯೋ ನಂಬಿ ಟ್ಯಾಕ್ಸಿ ಹತ್ತಬೇಡಿ. ಅವತ್ತಿನ ದಿನ ಮ್ಯಾಪ್‌ನಲ್ಲಿ ನೋಡಿಕೊಂಡು ಹೊರಡಿ. ಜಾಗ ಬದಲಾಯಿಸದೆ ಇರುವುದು ಎಂದರೆ ಚೀನೀ ಪೇಟೆಯ ಯಾವರಾತ್ ರಸ್ತೆ. ಸೋಮವಾರ ಮಾತ್ರ ಅಲ್ಲಿ ತುಂಬಾ ಗಾಡಿಗಳು ಇರುವುದಿಲ್ಲ.

ಎಷ್ಟು ಗಂಟೆಗೆ ಹೋಗ್ಬೇಕು?

ಐದೂವರೆಗೆ. ‘ನೈಟ್’ ಎಂಬ ಹೆಸರು ನೋಡಿ ಎಂಟೂವರೆಗೆ ಹೋದವರು ಜನಸಂದಣಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಐದೂವರೆಗೆ ಎಣ್ಣೆ ಹೊಸದಿರುತ್ತದೆ, ಕೂರಲು ಜಾಗ ಸಿಗುತ್ತದೆ, ಮಾರುವವರಿಗೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಪುರುಸೊತ್ತು ಇರುತ್ತದೆ. ಸಸ್ಯಾಹಾರಿಗಳಿಗೆ ಈ ಕೊನೆಯದು ತುಂಬಾ ಮುಖ್ಯ.

ಸರಿಯಾಗಿ ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ. ಇಡೀ ರಸ್ತೆ ನಿಂತಲ್ಲೇ ನಿಲ್ಲುತ್ತದೆ. ಬಾಣಲೆ ಮುಂದಿರುವವರೂ ನಿಲ್ಲುತ್ತಾರೆ. ನೀವೂ ಚಮಚ ಕೆಳಗಿಟ್ಟು ನಿಲ್ಲಿ. ಗೀತೆ ಮುಗಿದ ಕ್ಷಣಕ್ಕೆ ಸದ್ದು ಮತ್ತೆ ಶುರುವಾಗುತ್ತದೆ. ಅಮ್ಮ ಇವತ್ತಿಗೂ ಆ ಸಂಜೆಯ ಬಗ್ಗೆ ಹೇಳುವಾಗ ಮೊದಲು ಹೇಳುವುದು ಇದನ್ನೇ.

ಒಬ್ಬರಿಗೆ ಎಷ್ಟು ಖರ್ಚಾಗುತ್ತೆ? ಕಾರ್ಡ್ ನಡೆಯುತ್ತಾ? ಚೌಕಾಸಿ ಮಾಡಬಹುದಾ?

200ರಿಂದ 300 ಬಾಟ್ ಇದ್ದರೆ ಒಬ್ಬರಿಗೆ ಹೊಟ್ಟೆ ತುಂಬುತ್ತದೆ. ಒಂದು ಬಾಟ್ ಎಂದರೆ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ರೂಪಾಯಿ. ಪ್ಯಾಡ್ ಥಾಯ್ (ಬಾಣಲೆಯಲ್ಲಿ ಹುರಿದ ಅಕ್ಕಿ ನೂಡಲ್ಸ್) 50ರಿಂದ 80, ಹೆಚ್ಚಿದ ಹಣ್ಣು 20ರಿಂದ 40, ಮಾವಿನಹಣ್ಣಿನ ಅನ್ನ 60ರಿಂದ 120. ಪ್ರವಾಸಿಗರೇ ತುಂಬಿದ ಜಾಗದಲ್ಲಿ ಇದಕ್ಕಿಂತ ಜಾಸ್ತಿ.

ನೋಟೇ ಬೇಕು. ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ತೂಗುಹಾಕಿರುವುದು ಕಾಣುತ್ತದೆ. ಅದು ಅಲ್ಲಿನ ಬ್ಯಾಂಕಿನಲ್ಲಿ ಖಾತೆ ಇರುವವರಿಗೆ, ನಮ್ಮ ಯುಪಿಐ ನೆಚ್ಚಿಕೊಂಡು ಹೋಗಬೇಡಿ. ಎಟಿಎಂನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲವೂ 220 ಬಾಟ್ ಅಥವಾ ಅದಕ್ಕಿಂತ ಹೆಚ್ಚು ಕತ್ತರಿಸುತ್ತಾರೆ, ಆದ್ದರಿಂದ ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ. 1000ದ ನೋಟನ್ನು ಯಾವುದಾದರೂ ಕನ್ವೀನಿಯೆನ್ಸ್ ಸ್ಟೋರ್‌ನಲ್ಲಿ ನೀರಿನ ಬಾಟಲಿ ತೆಗೆದುಕೊಂಡು ಒಡೆಸಿ. ಹಸಿರು 20, ಕೆಂಪು 100ರ ನೋಟುಗಳು ಕೈಯಲ್ಲಿರಲಿ.

ಊಟಕ್ಕೆ ಚೌಕಾಸಿ ಬೇಡ. ಬಟ್ಟೆಗೆ, ಬ್ಯಾಗಿಗೆ ಮಾಡಿ. ಹತ್ತು ಬಾಟಿನ ತಿಂಡಿಗೆ ಎಳೆದಾಡಿದರೆ ಅವರಿಗೆ ಬೇಜಾರಾಗುತ್ತದೆ.

ಎಲ್ಲಿ ಕೂರೋದು? ಕೈಯಲ್ಲಿ ತಿಂದ್ರೆ ಏನಾದ್ರೂ ಅಂದ್ಕೊಳ್ತಾರಾ?

ಯಾವ ಅಂಗಡಿಯದು ಕೊಂಡಿರೋ ಆ ಅಂಗಡಿಯ ಟೇಬಲ್‌ನಲ್ಲಿ ಕೂರುವುದು ಒಳ್ಳೆಯದು. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಟೇಬಲ್‌ಗಳಿದ್ದರೆ ಎಲ್ಲಿಯದಾದರೂ ತಂದು ತಿನ್ನಬಹುದು. ಅನ್ನವನ್ನು ಚಮಚದಲ್ಲಿ ತಿನ್ನುತ್ತಾರೆ. ಎಡಗೈಯ ಫೋರ್ಕ್ ಬರೀ ಚಮಚಕ್ಕೆ ತಳ್ಳಲು. ಚಾಪ್‌ಸ್ಟಿಕ್ ನೂಡಲ್ಸ್‌ಗೆ ಮಾತ್ರ. ಅಂಟು ಅನ್ನವನ್ನು ಅವರೂ ಕೈಯಲ್ಲೇ ಉಂಡೆ ಕಟ್ಟಿ ತಿನ್ನುತ್ತಾರೆ. ಹಾಗಾಗಿ ಮುದ್ದೆ ಮುರಿದು ಅಭ್ಯಾಸ ಇರುವವರಿಗೆ ಸಂಕೋಚವೇ ಬೇಡ. ಕೈ ತೊಳೆಯಲು ನಲ್ಲಿ ಸಿಗುವುದು ಕಷ್ಟ. ಒದ್ದೆ ಟಿಶ್ಯೂ ಇಟ್ಟುಕೊಳ್ಳಿ.

## ಸಸ್ಯಾಹಾರಿಗಳ ಪ್ರಶ್ನೆಗಳು

ನಾವು ಪ್ಯೂರ್ ವೆಜ್. ನೈಟ್ ಮಾರ್ಕೆಟ್‌ಗೆ ಹೋಗೋದೇ ದಂಡ ಅಲ್ವಾ?

ದಂಡ ಅಲ್ಲ. ಆದರೆ ಒಂದು ಸತ್ಯ ಮೊದಲೇ ತಿಳಿದಿರಬೇಕು. ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ಸಾಸ್ ಇದೆ. ಅದರ ಹೆಸರು ‘ನಾಮ್ ಪ್ಲಾ’, ಉಪ್ಪು ಹಾಕಿ ಕೊಳೆಸಿದ ಮೀನಿನ ನೀರು. ತರಕಾರಿ ಪಲ್ಯಕ್ಕೂ ಅದೇ, ತೋಫುಗೂ ಅದೇ. ಜೊತೆಗೆ ಸಿಂಪಿ ಸಾಸ್. ಕರಿ ಮಸಾಲೆಯಲ್ಲಿ ‘ಕಪಿ’ ಎಂಬ ಸಿಗಡಿ ಪೇಸ್ಟ್. ‘ಬರೀ ತರಕಾರಿ’ ಎಂದು ಅವರು ಪ್ರಾಮಾಣಿಕವಾಗಿ ಹೇಳಿದಾಗಲೂ ಇವು ಒಳಗಿರುತ್ತವೆ. ಮೋಸ ಅಲ್ಲ. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ.

ಇದನ್ನು ತಿಳಿದು ಹೋದರೆ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ‘ವೆಜ್ಜಾ?’ ಎಂದು ಕೇಳುವ ಬದಲು ‘ಏನು ಹಾಕಿದ್ದೀರಿ?’ ಎಂದು ಕೇಳುತ್ತೀರಿ. ಖಾರದ ತಿಂಡಿಗೆ ‘ಜೇ’ ಎಂಬ ಪೂರ್ತಿ ಸಸ್ಯಾಹಾರಿ ಅಂಗಡಿ ಹುಡುಕುವುದು, ಸಿಹಿ, ಹಣ್ಣು, ತೆಂಗಿನಕಾಯಿ ತಿಂಡಿಗೆ ಉಳಿದ ಸಾಲು ಸುತ್ತುವುದು. ನಾವು ಮಾಡಿಕೊಂಡ ದಾರಿ ಇದು. ಮಾರುಕಟ್ಟೆಯ ಅರ್ಧ ಭಾಗ ಈ ಎರಡನೆಯ ಗುಂಪಿಗೆ ಸೇರಿದ್ದು.

ಜೇ ಅಂದ್ರೆ ಏನು? ವೆಜಿಟೇರಿಯನ್ ಅಂದ್ರೆ ಸಾಕಾಗಲ್ವಾ?

ಸಾಕಾಗುವುದಿಲ್ಲ. ಥಾಯ್‌ನಲ್ಲಿ ಎರಡು ಮಾತುಗಳಿವೆ. ಒಂದು ‘ಮಾಂಗ್ಸವಿರತ್’. ಕಿವಿಗೊಟ್ಟು ಕೇಳಿ, ಮಾಂಸ ಮತ್ತು ವಿರತಿ! ಅದೇ ಮಾತು. ಇದರಲ್ಲಿ ಮೊಟ್ಟೆ, ಹಾಲು ಬರಬಹುದು. ಮೀನಿನ ಸಾಸ್ ಕೂಡ ನುಸುಳಬಹುದು.

ಇನ್ನೊಂದು ‘ಜೇ’. ಇದು ಚೀನೀ ಬೌದ್ಧರ ವ್ರತದ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಮೀನಿನ ಸಾಸೂ ಇಲ್ಲ, ಅದರ ಬದಲು ಸೋಯಾ ಸಾಸ್. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ಗಡ್ಡೆ ತಿನ್ನದ ಜೈನರು ಮಾತ್ರ ಇನ್ನೊಮ್ಮೆ ಕೇಳಿಕೊಳ್ಳಬೇಕು. ಮೂಲಂಗಿ, ಕ್ಯಾರೆಟ್ ಇರುತ್ತವೆ.

ಗುರುತು ಸುಲಭ. ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಥಾಯ್ ಓದಲು ಬರದಿದ್ದರೂ ಅದು 17 ಅಂಕಿಯ ಹಾಗೆ ಕಾಣುತ್ತದೆ. ಅಲ್ಲಿ ಸೋಯಾದಿಂದ ಮಾಡಿದ ‘ಹಂದಿ’, ‘ಬಾತುಕೋಳಿ’ ನೋಡಿ ಹೆದರಬೇಡಿ. ಎಲ್ಲ ಹಿಟ್ಟು ಮತ್ತು ಸೋಯಾ.

ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಜೇ ಹಬ್ಬ ನಡೆಯುತ್ತದೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುತ್ತದೆ, ಎಷ್ಟೋ ವರ್ಷ ನಮ್ಮ ನವರಾತ್ರಿಯ ದಿನಗಳಲ್ಲೇ. ಫುಕೆಟ್‌ನಲ್ಲಿ ಬಹಳ ದೊಡ್ಡದು. ಯಾವರಾತ್ ರಸ್ತೆಯೂ ಹಳದಿಯಾಗುತ್ತದೆ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಆ ವಾರ ನೋಡಿ ಹೋಗಿ.

ಹೇಳೋಕೆ ಬೇಕಾದ ಥಾಯ್ ಮಾತು ಕಲಿಸಿ. ಜಾಸ್ತಿ ಬೇಡ.

‘ಕಿನ್ ಜೇ’: ನಾನು ಜೇ ತಿನ್ನುವವಳು ಅಥವಾ ತಿನ್ನುವವನು. ‘ಮಾಯ್ ಸಾಯ್’: ಹಾಕಬೇಡಿ. ಇದಾದ ಮೇಲೆ ಬೇಡವಾದದ್ದರ ಹೆಸರು ಸೇರಿಸಿ. ಮೀನಿನ ಸಾಸ್ ನಾಮ್ ಪ್ಲಾ, ಮೊಟ್ಟೆ ಖಾಯ್, ಹಂದಿ ಮೂ, ಸಿಗಡಿ ಕುಂಗ್. ‘ಥಾವ್ ರಾಯ್’: ಎಷ್ಟು? ಮಾತಿನ ಕೊನೆಗೆ ಹೆಂಗಸರು ‘ಖಾ’, ಗಂಡಸರು ‘ಖ್ರಾಪ್’ ಎನ್ನಬೇಕು. ಅದು ನಮ್ಮ ‘ರೀ’ ಇದ್ದ ಹಾಗೆ. ಥಾಯ್‌ನಲ್ಲಿ ಸ್ವರ ಏರಿಳಿದರೆ ಅರ್ಥವೇ ಬದಲಾಗುತ್ತದೆ, ಹಾಗಾಗಿ ಥಾಯ್ ಅಕ್ಷರದಲ್ಲಿ ಬರೆಸಿಕೊಂಡ ಒಂದು ಚೀಟಿ ಫೋನಿನಲ್ಲಿರಲಿ. ಹೋಟೆಲಿನ ರಿಸೆಪ್ಷನ್‌ನಲ್ಲಿ ಕೇಳಿದರೆ ಬರೆದುಕೊಡುತ್ತಾರೆ.

ಹೆಚ್ಚು ಯೋಚನೆ ಮಾಡದೆ ತಿನ್ನಬಹುದಾದ್ದು ಏನಿದೆ?

ಮೊದಲು ‘ಖನೋಮ್ ಕ್ರೋಕ್’ ಹುಡುಕಿ. ದೂರದಿಂದಲೇ ಗೊತ್ತಾಗುತ್ತದೆ, ಏಕೆಂದರೆ ಕಾವಲಿ ನಮ್ಮ ಪಡ್ಡಿನ ಕಾವಲಿಯೇ. ಅಕ್ಕಿ ಹಿಟ್ಟು, ತೆಂಗಿನಹಾಲು, ಸಕ್ಕರೆ, ಉಪ್ಪು. ಪಡ್ಡನ್ನು ನಾವು ತಿರುವಿ ಹಾಕುತ್ತೇವೆ, ಅವರು ಹಾಕುವುದಿಲ್ಲ. ಅಡಿಯಲ್ಲಿ ಗರಿಗರಿ, ಮೇಲೆ ಮೆತ್ತಗೆ ಕೆನೆ ಥರ. ಎರಡು ಅರ್ಧಗಳನ್ನು ಜೋಡಿಸಿ ಕೊಡುತ್ತಾರೆ. ಕೆಲವರು ಮೇಲೆ ಜೋಳ, ಕೆಲವರು ಈರುಳ್ಳಿ ಸೊಪ್ಪು ಉದುರಿಸುತ್ತಾರೆ. ಬಾಯಿ ಸುಟ್ಟುಕೊಳ್ಳುವುದು ಖಂಡಿತ, ಎರಡು ನಿಮಿಷ ತಡೆಯಿರಿ. ಅಮ್ಮ ಆ ಗಾಡಿ ಮುಂದೆ ಅರ್ಧ ಗಂಟೆ ನಿಂತು ಹಿಟ್ಟಿನ ಹದ ನೋಡಿದ್ದರು. ಗಾಡಿಯ ಹೆಂಗಸು ಕೊನೆಗೆ ಸೌಟನ್ನೇ ಅವರ ಕೈಗೆ ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ.

ಮಾವಿನಹಣ್ಣಿನ ಜೊತೆ ಅಂಟು ಅನ್ನ, ಅದರ ಮೇಲೆ ಉಪ್ಪು ಬೆರೆಸಿದ ತೆಂಗಿನಹಾಲು. ವರ್ಷವಿಡೀ ಸಿಗುತ್ತದೆ, ಆದರೆ ಮಾರ್ಚ್‌ನಿಂದ ಜೂನ್‌ವರೆಗೆ ತಿಂದರೇ ಅದರ ರುಚಿ. ತೆಂಗಿನಹಾಲಿನ ಐಸ್‌ಕ್ರೀಂ, ಮೇಲೆ ಹುರಿದ ಕಡಲೆಕಾಯಿ. ಸುಟ್ಟ ಬಾಳೆಹಣ್ಣು, ಸುಟ್ಟ ಜೋಳ, ಗೆಣಸಿನ ಉಂಡೆ, ಬಿದಿರಿನ ಕೊಳವೆಯಲ್ಲಿ ಬೆಂದ ಅನ್ನ ‘ಖಾವ್ ಲಾಮ್’. ಕಬ್ಬಿನ ಹಾಲು. ಪೇರಲೆ ಹೋಳಿನ ಜೊತೆ ಸಕ್ಕರೆ, ಉಪ್ಪು, ಮೆಣಸಿನಪುಡಿಯ ಪೊಟ್ಟಣ ಕೊಡುತ್ತಾರೆ. ನಮ್ಮ ಶಾಲೆ ಮುಂದಿನ ಗಾಡಿ ನೆನಪಾಗುತ್ತದೆ.

ರೊಟ್ಟಿಯೂ ಇದೆ. ಅಲ್ಲೂ ಅದರ ಹೆಸರು ರೋಟಿಯೇ. ಮೈದಾ ಹಿಟ್ಟನ್ನು ಬೀಸಿ ತೆಳ್ಳಗೆ ಮಾಡಿ, ಬಾಳೆಹಣ್ಣು ಮಡಚಿ, ಮೇಲೆ ಮಂದ ಹಾಲು ಸುರಿಯುತ್ತಾರೆ. ಬಾಳೆಹಣ್ಣಿನ ಜೊತೆ ಮೊಟ್ಟೆ ಒಡೆಯುವುದು ವಾಡಿಕೆ. ಹಿಟ್ಟಿನಲ್ಲೂ ಕೆಲವರು ಮೊಟ್ಟೆ ಹಾಕುತ್ತಾರೆ. ಮೊದಲೇ ಕೇಳಿ.

ನೋಡೋಕೆ ವೆಜ್, ಆದ್ರೆ ವೆಜ್ ಅಲ್ಲ. ಅಂಥದ್ದು ಯಾವ್ಯಾವುದು?

ಒಂದು, ಬಂಗಾರದ ಬಣ್ಣದ ಶಾವಿಗೆಯ ಸಿಹಿ, ‘ಫೋಯ್ ಥೋಂಗ್’. ಶಾವಿಗೆ ಅಲ್ಲವೇ ಅಲ್ಲ. ಮೊಟ್ಟೆಯ ಹಳದಿಯನ್ನು ಕುದಿಯುವ ಸಕ್ಕರೆ ಪಾಕಕ್ಕೆ ಎಳೆಎಳೆಯಾಗಿ ಬಿಟ್ಟದ್ದು. 17ನೇ ಶತಮಾನದಲ್ಲಿ ಅಯುಥ್ಥಯಾ ರಾಜಧಾನಿಯಾಗಿದ್ದಾಗ ಪೋರ್ಚುಗೀಸರ ಕಡೆಯಿಂದ ಬಂದ ಸಿಹಿ. ‘ಖನೋಮ್ ಬುವಾಂಗ್’ ಎಂಬ ಪುಟ್ಟ ಗರಿಗರಿ ದೋಸೆಯ ಮೇಲೆ ಕಾಣುವ ಹಳದಿ ಎಳೆಯೂ ಇದೇ. ಕಿತ್ತಳೆ ಬಣ್ಣದ ತುರಿ ಇದ್ದರೆ ಅದರಲ್ಲಿ ಸಿಗಡಿ ಇರುತ್ತದೆ.

ಎರಡು, ಸಬ್ಬಕ್ಕಿಯ ಉಂಡೆ. ಹಬೆಯಲ್ಲಿ ಬೆಂದು ಮುತ್ತಿನ ಹಾಗೆ ಹೊಳೆಯುತ್ತದೆ. ಉಪವಾಸದ ತಿಂಡಿ ಅನ್ನಿಸುತ್ತದೆ. ಒಳಗೆ ಹಂದಿ ಖೀಮಾ. ಬನ್ನಿನ ಮೇಲೆ ಕಂದು ಬಣ್ಣದ ಹತ್ತಿಯ ಥರ ಇದ್ದರೆ ಅದೂ ಒಣಗಿಸಿದ ಹಂದಿ ಮಾಂಸ. ಪಪ್ಪಾಯಿ ಕೋಸಂಬರಿ ‘ಸೋಮ್ ತಾಮ್’ನಲ್ಲಿ ಒಣ ಸಿಗಡಿ ಮತ್ತು ನಾಮ್ ಪ್ಲಾ ಇದ್ದೇ ಇರುತ್ತದೆ. ಕಣ್ಣ ಮುಂದೆಯೇ ಕುಟ್ಟುವುದರಿಂದ ಎರಡನ್ನೂ ಬಿಡಿಸಬಹುದು, ಒರಳು ಮಾತ್ರ ಅದೇ.

ಅದೇ ಬಾಣಲೆ, ಅದೇ ಇಕ್ಕಳ. ಅಮ್ಮ ಅಪ್ಪ ಒಪ್ಪಲ್ಲ. ಏನು ಮಾಡೋದು?

ಒಪ್ಪಿಸಲು ಹೋಗಬೇಡಿ. ಅವರ ನಿಷ್ಠೆ ಅವರದು. ಪ್ಯಾಡ್ ಥಾಯ್ ಬಾಣಲೆಯನ್ನು ತೊಳೆಯಿರಿ ಎಂದರೆ ಜನಸಂದಣಿಯಲ್ಲಿ ಅದು ಆಗುವ ಮಾತಲ್ಲ. ಒಂದೇ ತಿಂಡಿ ಮಾಡುವ ಗಾಡಿಗಳನ್ನು ಆರಿಸಿ: ಬರೀ ಖನೋಮ್ ಕ್ರೋಕ್, ಬರೀ ಬಾಳೆಹಣ್ಣು, ಬರೀ ಹಣ್ಣಿನ ರಸ. ಅಲ್ಲಿ ಮಾಂಸದ ಸೋಂಕೇ ಇರುವುದಿಲ್ಲ. ಊಟವನ್ನು ಬೇರೆ ಕಡೆ ಮುಗಿಸಿ ಬನ್ನಿ. ಬ್ಯಾಂಕಾಕ್‌ನಲ್ಲಿ ಪಹುರಾತ್ ಎಂಬ ಭಾರತೀಯರ ಪೇಟೆ ಇದೆ, ಸಸ್ಯಾಹಾರಿ ಹೋಟೆಲುಗಳಿವೆ, ಯಾವರಾತ್ ಅಲ್ಲಿಂದ ಹತ್ತಿರ. ಇನ್ನೊಂದು ವಿಷಯ. ಮಾಂಸ, ಒಣಮೀನು, ಸುಟ್ಟ ಸ್ಕ್ವಿಡ್ ವಾಸನೆ ತಪ್ಪಿಸಲು ಆಗುವುದಿಲ್ಲ. ಅದು ತಡೆಯದವರನ್ನು ಬಲವಂತವಾಗಿ ಕರೆದೊಯ್ಯಬೇಡಿ.

## ಖಾರ, ಹೊಟ್ಟೆ, ಮಾಂಸ

ಚಿಕನ್, ಮೀನು ತಿಂತೀವಿ. ಬೀಫ್, ಪೋರ್ಕ್ ಬೇಡ.

ಬೀಫ್ ಬಿಡುವುದು ಸುಲಭ. ‘ಮಾಯ್ ಕಿನ್ ನುವಾ’ ಎಂದರೆ ಸಾಕು. ಕರುಣೆಯ ದೇವತೆ ಗುವಾನ್ ಯಿನ್‌ಗೆ ನಡೆದುಕೊಳ್ಳುವ ಥಾಯ್-ಚೀನಿಯರಲ್ಲೂ ಬೀಫ್ ಬಿಟ್ಟವರು ತುಂಬಾ ಇದ್ದಾರೆ. ಹಾಗಾಗಿ ಯಾರೂ ಹುಬ್ಬೇರಿಸುವುದಿಲ್ಲ. ಹಂದಿಯೇ ಕಷ್ಟ. ಸಾರಿನ ಮೂಳೆ ಹಂದಿಯದು, ಕರಿಯುವ ಕೊಬ್ಬೂ ಕೆಲವೊಮ್ಮೆ ಹಂದಿಯದೇ. ಮುಸ್ಲಿಮರ ಹಲಾಲ್ ಫಲಕ ಇರುವ ಅಂಗಡಿಗಳಿಗೆ ಹೋಗಿ, ಹಂದಿಯ ಚಿಂತೆ ಇರುವುದಿಲ್ಲ. ದಕ್ಷಿಣದ ಕ್ರಾಬಿ, ಫುಕೆಟ್ ಕಡೆ ಇಂಥವು ಜಾಸ್ತಿ. ಸುಟ್ಟ ಕೋಳಿ ‘ಗಾಯ್ ಯಾಂಗ್’, ಜೊತೆಗೆ ಅಂಟು ಅನ್ನ. ಮೊದಲ ರಾತ್ರಿಗೆ ಇಷ್ಟೇ ಸಾಕು.

ನಾವು ಗುಂಟೂರು ಮೆಣಸಿನಕಾಯಿ ತಿನ್ನೋರು. ಅಲ್ಲಿನ ಖಾರ ಏನು ಮಹಾ?

ಆ ಖಾರ ಬೇರೆ. ನಾವು ಒಣಮೆಣಸನ್ನು ಹುರಿದು, ಪುಡಿ ಮಾಡಿ, ಎಣ್ಣೆಯಲ್ಲಿ ಬೇಯಿಸಿ, ತೆಂಗಿನಕಾಯಿ ಬೆರೆಸಿ ತಿನ್ನುತ್ತೇವೆ. ಸೋಮ್ ತಾಮ್‌ನಲ್ಲಿ ಹಸಿ ಮೆಣಸನ್ನು ಹಾಗೇ ಕುಟ್ಟಿ ಹಾಕುತ್ತಾರೆ. ಅದು ನಮ್ಮ ಮಲೆನಾಡಿನ ಜೀರಿಗೆ ಮೆಣಸಿನಂಥ ಚಿಕ್ಕ ಮೆಣಸು. ಹುಳಿ ಜೊತೆ ಸೇರಿ ನೇರ ಗಂಟಲಿಗೆ ಹೋಗುತ್ತದೆ. ‘ಫೆತ್ ನಿತ್ ನೋಯ್’ ಅಂದರೆ ಸ್ವಲ್ಪ ಖಾರ. ಮೊದಲ ದಿನ ಇದನ್ನೇ ಹೇಳಿ. ಒರಳಿನ ಮುಂದೆ ನಿಂತು ಒಂದು ಬೆರಳು ತೋರಿಸಿದರೆ ಒಂದೇ ಮೆಣಸು ಹಾಕುತ್ತಾರೆ. ಹೆಚ್ಚಿಗೆ ಬೇಕಾದರೆ ಟೇಬಲ್ ಮೇಲೆ ನಾಲ್ಕು ಡಬ್ಬಿ ಇರುತ್ತವೆ: ಸಕ್ಕರೆ, ಮೆಣಸಿನಪುಡಿ, ವಿನೆಗರ್‌ನಲ್ಲಿ ನೆನೆದ ಮೆಣಸು, ನಾಮ್ ಪ್ಲಾ. ಕೊನೆಯದರ ಮೇಲೆ ಸಸ್ಯಾಹಾರಿಗಳು ಕಣ್ಣಿಡಿ.

ಹೊಟ್ಟೆ ಕೆಡಲ್ವಾ? ಐಸ್ ಹಾಕಿದ್ದನ್ನು ಕುಡೀಬಹುದಾ?

ಮಧ್ಯದಲ್ಲಿ ತೂತಿರುವ ಕೊಳವೆಯಂಥ ಐಸ್ ಕಾರ್ಖಾನೆಯಲ್ಲಿ ಶುದ್ಧ ನೀರಿನಿಂದ ಮಾಡಿದ್ದು. ನಾವು ಅದನ್ನು ಕುಡಿದಿದ್ದೇವೆ. ದೊಡ್ಡ ಗಡ್ಡೆಯನ್ನು ಒಡೆದು ಹಾಕುವ ಐಸ್ ಬಿಡಿ.

ಒಂದು ಸಲ ನನ್ನ ಹೊಟ್ಟೆ ಕೆಟ್ಟಿತ್ತು. ರಾತ್ರಿ ಹತ್ತಕ್ಕೆ, ಅಂಗಡಿ ಮುಚ್ಚುವ ಹೊತ್ತಿನಲ್ಲಿ, ತಣ್ಣಗಾಗಿ ಕೂತಿದ್ದ ಮೀನಿನ ವಡೆ ತಿಂದಿದ್ದೆ. ಅವತ್ತಿನಿಂದ ನನ್ನ ನಿಯಮ ಇದು: ಕಣ್ಣ ಮುಂದೆ ಬೆಂಕಿಯಿಂದ ಇಳಿದದ್ದನ್ನೇ ತಿನ್ನುವುದು. ಹಸಿ ಸಿಗಡಿ, ಸೋಮ್ ತಾಮ್‌ಗೆ ಹಾಕುವ ಉಪ್ಪಿನ ಹಸಿ ಏಡಿ, ಹಸಿ ಸಿಂಪಿ ಇವನ್ನು ಮುಟ್ಟುವುದಿಲ್ಲ. ಓಆರ್‌ಎಸ್ ಪೊಟ್ಟಣ ಊರಿಂದಲೇ ಒಯ್ಯಿರಿ. ಅಲ್ಲಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ.

ಕಡಲೆಕಾಯಿ ಅಲರ್ಜಿ ಇದೆ. ಹೋಗಬಹುದಾ?

ತುಂಬಾ ಎಚ್ಚರ ಬೇಕು. ಪ್ಯಾಡ್ ಥಾಯ್, ಸೋಮ್ ತಾಮ್, ಸಾತೇ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ಜೊತೆ ಕೊಡುವ ಚಟ್ನಿ, ಐಸ್‌ಕ್ರೀಂ ಎಲ್ಲದರಲ್ಲೂ ಕಡಲೆಕಾಯಿ ಇದೆ. ಸಿಗಡಿ ಅಲರ್ಜಿಯವರಿಗೆ ‘ಕಪಿ’ ಪೇಸ್ಟ್ ಇನ್ನೂ ದೊಡ್ಡ ಅಪಾಯ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಅಲರ್ಜಿಗೆ ‘ಫೇ’ ಎನ್ನುತ್ತಾರೆ. ಹಿಂದೆ ತೀವ್ರವಾಗಿ ಆಗಿದ್ದರೆ ಹಣ್ಣು, ಎಳನೀರು ಬಿಟ್ಟು ಬೇರೆ ಪ್ರಯೋಗ ಬೇಡ.

## ಮತ್ತೆ ಹೋಗುವವರಿಗೆ

ಪ್ಯಾಡ್ ಥಾಯ್, ಮ್ಯಾಂಗೋ ರೈಸ್ ಎಲ್ಲ ಆಯ್ತು. ಈ ಸಲ ಏನು ತಿನ್ನಲಿ?

ಆಯಾ ಊರಿನದು ತಿನ್ನಿ. ಚಿಯಾಂಗ್ ಮಾಯ್‌ನಲ್ಲಿ ‘ಖಾವ್ ಸೋಯ್’, ತೆಂಗಿನಹಾಲಿನ ಕರಿಯಲ್ಲಿ ಮೊಟ್ಟೆ ನೂಡಲ್ಸ್, ಮೇಲೆ ಅದೇ ನೂಡಲ್ಸ್ ಕರಿದು ಹಾಕಿದ್ದು. ನಿಂಬೆ ಹಿಂಡಿ, ಹುಳಿ ಬಂದ ಸೊಪ್ಪಿನ ಜೊತೆ ತಿನ್ನಬೇಕು. ಹಂದಿ ತಿನ್ನುವವರಿಗೆ ಲೆಮನ್‌ಗ್ರಾಸ್ ಘಮದ ‘ಸಾಯ್ ಉವಾ’ ಸಾಸೇಜ್.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಖನೋಮ್ ಜೀನ್’. ಅಕ್ಕಿ ಹಿಟ್ಟನ್ನು ಬಿಸಿ ನೀರಿಗೆ ಒತ್ತಿ ಬಿಡುವ ಎಳೆ, ನಮ್ಮ ಒತ್ತು ಶಾವಿಗೆಯ ಅಕ್ಕತಂಗಿ. ಹಳೇ ಕ್ರಮದಲ್ಲಿ ಅಕ್ಕಿಯನ್ನು ಹುಳಿ ಬರಿಸುತ್ತಾರೆ. ಮೇಲೆ ಮೀನಿನ ಕರಿ, ಪಕ್ಕದಲ್ಲಿ ತಟ್ಟೆ ತುಂಬಾ ಹಸಿ ಸೊಪ್ಪು. ನಾವು ಶಾವಿಗೆಗೆ ಕಾಯಿಹಾಲು ಹಾಕುವುದು ನೆನಪಾಗಿ ಬಾಯಿ ಒಂದು ಕ್ಷಣ ತಬ್ಬಿಬ್ಬಾಗುತ್ತದೆ.

ಹುಳ ಹುಪ್ಪಟೆ ಮಾರ್ತಾರಲ್ವಾ? ನಿಜವಾಗ್ಲೂ ತಿಂತಾರಾ?

ತಿನ್ನುತ್ತಾರೆ. ರೇಷ್ಮೆ ಹುಳ, ಮಿಡತೆ, ಬಿದಿರು ಹುಳ ಈಶಾನ್ಯದ ಈಸಾನ್ ಮತ್ತು ಉತ್ತರದ ಕಡೆಯವರಿಗೆ ಚಿಕ್ಕಂದಿನಿಂದ ರೂಢಿಯ ಊಟ. ನಮ್ಮ ಮಲೆನಾಡಿನಲ್ಲಿ ಕೆಂಪಿರುವೆಯ ಚಟ್ನಿ ಇದೆ, ಅದೂ ಹೀಗೇ ಅಲ್ವಾ? ಬೇಡವಾದರೆ ಮುಂದೆ ನಡೆಯಿರಿ. ಮೂಗು ಮುಚ್ಚಿ ವಿಡಿಯೋ ಮಾಡಬೇಡಿ. ಬರೀ ಫೋಟೋಕ್ಕೆ ಹತ್ತು ಬಾಟ್ ಕೇಳುವ ಗಾಡಿಗಳಿವೆ, ಕೊಟ್ಟು ತೆಗೆಯಿರಿ.

ಯಾವ ಗಾಡಿ ಒಳ್ಳೇದು ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಏನೂ ಕೊಳ್ಳದೆ ಒಂದು ಸುತ್ತು ಬನ್ನಿ. ಒಂದೋ ಎರಡೋ ತಿಂಡಿ ಮಾತ್ರ ಮಾಡುವ ಗಾಡಿ ನೋಡಿ. ಹತ್ತು ಭಾಷೆಯಲ್ಲಿ ಫಲಕ, ಮೂವತ್ತು ಫೋಟೋ ಇದ್ದರೆ ನಾನು ಮುಂದೆ ಹೋಗುತ್ತೇನೆ. ಉದ್ದ ಕ್ಯೂ ಇದ್ದರೆ ಸಾಲದು, ಕ್ಯೂನಲ್ಲಿ ಯಾರಿದ್ದಾರೆ ನೋಡಿ. ಯೂನಿಫಾರ್ಮ್ ಹಾಕಿದ ಶಾಲೆ ಮಕ್ಕಳು, ಬೈಕ್ ಟ್ಯಾಕ್ಸಿಯವರು, ಆಫೀಸ್ ಬ್ಯಾಗ್ ಹಿಡಿದವರು ನಿಂತಿದ್ದರೆ ನೀವೂ ನಿಲ್ಲಿ. ಆಮೇಲೆ ಮಾಡುವವರ ಕೈ ನೋಡಿ. ದುಡ್ಡು ಮುಟ್ಟುವ ಕೈ, ಊಟ ಮುಟ್ಟುವ ಕೈ ಬೇರೆಬೇರೆ ಇದ್ದರೆ ಅದು ಒಳ್ಳೆಯ ಗಾಡಿ. ಒಂದನ್ನೇ ಕೊಂಡು ಇಬ್ಬರು ಮೂವರು ಹಂಚಿಕೊಳ್ಳಿ. ಇಲ್ಲದಿದ್ದರೆ ಮೂರನೇ ಗಾಡಿಗೇ ಹೊಟ್ಟೆ ತುಂಬಿಬಿಡುತ್ತದೆ.

ಉಳಿದಿದ್ದನ್ನು ರೂಮಿಗೆ ತಗೊಂಡು ಹೋಗಬಹುದಾ?

ಹೋಗಬಹುದು, ಡುರಿಯನ್ ಹಣ್ಣು ಒಂದು ಬಿಟ್ಟು. ಅದರ ವಾಸನೆಗೆ ಹೆದರಿ ಹೋಟೆಲುಗಳು ಬಾಗಿಲಲ್ಲೇ ಫಲಕ ಹಾಕಿರುತ್ತವೆ, ಅಲ್ಲೇ ನಿಂತು ತಿಂದು ಮುಗಿಸಿ. ಸಾರು, ಕರಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತುಂಬಿ, ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಆ ಗಂಟು ಬಿಚ್ಚಲು ಹೊಸಬರು ಒದ್ದಾಡಿ ಕೊನೆಗೆ ಹಲ್ಲಿನಲ್ಲಿ ಕಚ್ಚುತ್ತಾರೆ. ಸುತ್ತಿದ ರಬ್ಬರ್‌ನಲ್ಲಿ ಒಂದು ಸಣ್ಣ ತುದಿ ಸಡಿಲವಾಗಿ ಇಣುಕುತ್ತಿರುತ್ತದೆ. ಚೀಲದ ಕುತ್ತಿಗೆ ಹಿಡಿದು, ಆ ತುದಿಯನ್ನು ಎಳೆದು ಸುತ್ತಿದ ದಿಕ್ಕಿಗೆ ಎದುರಾಗಿ ಬಿಚ್ಚಿ. ಕೆಳಗೊಂದು ಬಟ್ಟಲು ಇಟ್ಟುಕೊಂಡೇ ಬಿಚ್ಚಿ.